ಹೆಸರಿಲ್ಲದ ಫಿರ್ಯಾದಿ

ಕಳೆದ ವಾರ ಶಿವಮೊಗ್ಗದ ನವುಲೆಯಲ್ಲಿ ಒಂದು ನಾಟಕದ ತಾಲೀಮು ನೋಡಲು ಹೋಗಿದ್ದೆವು. ಗಿರೀಶ ಕಾರ್ನಾಡರ ‘ತುಘಲಕ್’. ಆಡುವವರು ವಿದ್ಯಾರ್ಥಿಗಳು, ಜೊತೆಗೆ ಒಂದಿಬ್ಬರು ಹಳೆಯ ಹವ್ಯಾಸಿಗಳು. ಕಿಟಕಿಯಾಚೆ ಸವಳಂಗ ರಸ್ತೆಯ ಬಸ್ಸುಗಳ ಸದ್ದು. ಸ್ಪರ್ಧೆಯ ಕಾಲಮಿತಿ ಒಂದೂವರೆ ಗಂಟೆ, ನಾಟಕ ಎರಡು ಗಂಟೆ ದಾಟುತ್ತಿತ್ತು. ಎಲ್ಲಾದರೂ ಕತ್ತರಿ ಹಾಕಲೇಬೇಕು. ಪ್ರತಿ ಹಿಡಿದು ಕೂತಿದ್ದ ನಿರ್ದೇಶಕರು ಪುಟ ತಿರುವುತ್ತ ಅಲ್ಲೊಂದು ಇಲ್ಲೊಂದು ಗೆರೆ ಎಳೆದರು. ಸುಲ್ತಾನನ ಸ್ವಗತಗಳಿಗೆ ಕೈ ಹಚ್ಚಲಿಲ್ಲ. ಕಳ್ಳ ಅಜೀಜನ ನಗೆಮಾತುಗಳನ್ನೂ ಮುಟ್ಟಲಿಲ್ಲ. ಕೊನೆಗೆ, ಮೂಲೆಯಲ್ಲಿ ನಿಂತಿದ್ದ ಒಬ್ಬ ಹುಡುಗಿಯ ಕಡೆ ನೋಡಿ, "ನಿಂದು ಬಿಡೋಣ ಕಣಮ್ಮ, ಕತೆಗೆ ಏನೂ ಆಗಲ್ಲ" ಎಂದರು.

ಆ ಹುಡುಗಿ ಕೂಸಿನ ಬದಲು ಒಂದು ಹಳದಿ ಟವೆಲ್ ಸುತ್ತಿಕೊಂಡು ನಿಂತಿದ್ದಳು. ತಲೆ ಇರಬೇಕಾದ ಕಡೆ ಒಂದು ಗಂಟು ಹಾಕಿ, ಆ ಗಂಟು ಮೊಣಕೈಯ ಒಳಮಡಿಕೆಯಲ್ಲಿ ಕೂರುವ ಹಾಗೆ ಹಿಡಿದಿದ್ದಳು. ತನ್ನ ಮಾತು ಇಲ್ಲದಾಗಲೂ ಅವಳ ಬಲಗೈ ತಾನೇ ತಾನಾಗಿ ಆ ಗಂಟಿನ ಮೇಲೆ ಸೆರಗು ಎಳೆಯುತ್ತಿತ್ತು, ನೊಣ ಕೂರಬಾರದು ಎಂಬಂತೆ. "ಸರಿ ಸರ್" ಎಂದಳು. ಗಂಟು ಬಿಚ್ಚಿ ಟವೆಲನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ತಾಲೀಮು ಮುಂದುವರಿಯಿತು.

ಕತೆಗೆ ಏನೂ ಆಗಲ್ಲ ಎಂಬ ಆ ಮಾತು ಸುಳ್ಳು. ಆ ತಾಯಿಯನ್ನು ತೆಗೆದರೆ ನಾಟಕದ ರಾಜಕೀಯವೇ ಹೋಗುತ್ತದೆ. ಉಳಿಯುವುದು ಒಬ್ಬ ದೊಡ್ಡ ಮನುಷ್ಯನ ಸಂಕಟ, ಒಬ್ಬ ಚತುರ ಕಳ್ಳನ ವಿನೋದ, ಅಷ್ಟೇ. ಆ ನಿರ್ದೇಶಕರನ್ನು ಬೊಟ್ಟು ಮಾಡಿ ತೋರಿಸಲು ಇದನ್ನು ಬರೆಯುತ್ತಿಲ್ಲ. ಅವರು ಮಾಡಿದ್ದನ್ನು ಕನ್ನಡದ ಓದುಗರೂ ಪ್ರೇಕ್ಷಕರೂ ಆರು ದಶಕಗಳಿಂದ ಮನಸ್ಸಿನಲ್ಲೇ ಮಾಡುತ್ತ ಬಂದಿದ್ದೇವೆ. ತಪ್ಪು ಎಲ್ಲರದು, ಆದ್ದರಿಂದ ಎಲ್ಲರ ಮೇಲೂ ಹೊರಿಸಬೇಕಾದ್ದು.

‘ತುಘಲಕ್’ ಅಚ್ಚಾದದ್ದು 1964ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಕಾರ್ನಾಡರಿಗೆ ಆಗ ಇಪ್ಪತ್ತಾರು ವರ್ಷ. ಕನ್ನಡದಲ್ಲಿ ಇತಿಹಾಸವನ್ನು ಎದುರಿಸಿ ನಿಲ್ಲುವ ನಾಟಕವಿಲ್ಲ ಎಂಬ ಕೀರ್ತಿನಾಥ ಕುರ್ತಕೋಟಿಯವರ ಟೀಕೆ ಅವರನ್ನು ದಿಲ್ಲಿಯ ಸುಲ್ತಾನರ ಚರಿತ್ರೆಗೆ ಕರೆದುಕೊಂಡು ಹೋಯಿತು. ಅದೇ 1964ರ ಮೇ 27ರಂದು ನೆಹರೂ ತೀರಿಕೊಂಡರು. ಕನಸುಗಾರ ದೊರೆ, ಅವನ ಆದರ್ಶ, ಇಪ್ಪತ್ತು ವರ್ಷದೊಳಗೆ ಆ ಆದರ್ಶ ಹರಿದುಹೋದ ಬಗೆ, ಇವೆಲ್ಲ ಸ್ವಾತಂತ್ರ್ಯೋತ್ತರ ಭಾರತದ ರೂಪಕವೆಂದು ಓದುಗರು ಕೂಡಲೇ ಹಿಡಿದರು. ಆಕ್ಸ್‌ಫರ್ಡ್ ಪ್ರಕಟಿಸಿದ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆದವರು ನಮ್ಮದೇ ಜಿಲ್ಲೆಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ. ನೆಹರೂ ಯುಗದ ನಂತರದ ಭ್ರಮನಿರಸನವನ್ನು ಈ ನಾಟಕದ ಜೊತೆ ಗಂಟು ಹಾಕಿದವರಲ್ಲಿ ಅವರೂ ಒಬ್ಬರು. ಬೆಂಗಳೂರಿನಲ್ಲಿ ಸಿ.ಆರ್. ಸಿಂಹ ಸುಲ್ತಾನನಾದರು. ದಿಲ್ಲಿಯ ಹಳೆಯ ಕೋಟೆಯ ಕಲ್ಲುಗಳ ನಡುವೆ ಅಲ್ಕಾಜಿ ಆಡಿಸಿದರು. ಅಲ್ಲಿಂದ ಇಲ್ಲಿಯವರೆಗೆ ನಾಟಕವೆಂದರೆ ಸುಲ್ತಾನ, ಸುಲ್ತಾನನೆಂದರೆ ನಟನ ಪರೀಕ್ಷೆ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲೂ ಅದೇ: ತುಘಲಕನ ಪಾತ್ರವನ್ನು ವಿಮರ್ಶಿಸಿರಿ.

ಈಗ ಆ ಹೆಂಗಸನ್ನು ನೋಡೋಣ. ಅವಳಿಗೆ ನಾಟಕಕಾರ ಹೆಸರು ಕೊಟ್ಟಿಲ್ಲ. ಒಬ್ಬ ಹಿಂದೂ ಹೆಂಗಸು, ಅಷ್ಟೇ. ಸುಲ್ತಾನ ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಸಾಗಿಸುವಾಗ, ದಾರಿಯ ಒಂದು ಬಿಡಾರದಲ್ಲಿ ಮೊದಲ ಸಲ ಕಾಣಿಸುತ್ತಾಳೆ. ಕೈಯಲ್ಲಿ ಸಾಯುತ್ತಿರುವ ಕೂಸು. ಗಂಡನಿಗೂ ಕಾಯಿಲೆ. ಬಿಡಾರದ ಮೇಲ್ವಿಚಾರಕನ ಎದುರು ನಿಂತು ಕೇಳುವುದು ಒಂದೇ: ವೈದ್ಯನ ಹತ್ತಿರ ಹೋಗಲು ಅಪ್ಪಣೆ. ರಾಜಧಾನಿ ಬದಲಾಯಿಸಬೇಡಿ ಎಂದು ಅವಳು ಹೇಳುತ್ತಿಲ್ಲ. ಸುಲ್ತಾನನ ವಿರುದ್ಧ ಒಂದು ಮಾತೂ ಇಲ್ಲ. ಮೇಲ್ವಿಚಾರಕ ಹೇಳುತ್ತಾನೆ, ಬಿಡಾರದಲ್ಲೇ ಹಕೀಮರ ಡೇರೆ ಇದೆಯಲ್ಲ, ಅಲ್ಲಿಗೆ ಹೋಗು. ಹೋಗಿದ್ದಾಳೆ, ಅವರು ಕೈಚೆಲ್ಲಿದ್ದಾರೆ. ಹಾಗಾದರೆ ಮೇಲಿನವರ ಕೈ ಬೆಚ್ಚಗೆ ಮಾಡಬೇಕಾಗುತ್ತದೆ, ದುಡ್ಡು ಕೊಡು. ಅವಳ ಹತ್ತಿರ ಕಾಸಿಲ್ಲ. ಇವನಿಗೇ ಕೊಟ್ಟರೆ ವೈದ್ಯನಿಗೆ ಕೊಡುವುದೇನು ಎಂಬುದು ಅವಳ ಪ್ರಶ್ನೆ. ಕಾಲು ಹಿಡಿಯುತ್ತಾಳೆ. ಡೇರೆಗೆ ವಾಪಸು ಹೋಗು ಎಂದು ಅಟ್ಟುತ್ತಾನೆ.

ಆ ಹಕೀಮರ ಡೇರೆಯ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಸುಲ್ತಾನ ಜನರನ್ನು ಬರಿಗೈಯಲ್ಲಿ ಬೀದಿಗೆ ತಳ್ಳಿದವನಲ್ಲ. ದಾರಿಯುದ್ದಕ್ಕೂ ವ್ಯವಸ್ಥೆ ಇದೆ. ಬಿಡಾರ ಇದೆ, ಅಧಿಕಾರಿ ಇದ್ದಾನೆ, ಹಕೀಮರಿದ್ದಾರೆ. ಕಾಗದದ ಮೇಲೆ ಯಾವುದಕ್ಕೂ ಕೊರತೆಯಿಲ್ಲ. ಕೂಸು ಸತ್ತದ್ದು ವ್ಯವಸ್ಥೆ ಇಲ್ಲದ ಕಡೆಯಲ್ಲ, ವ್ಯವಸ್ಥೆಯ ನಟ್ಟನಡುವೆ. ನಾಳೆ ಯಾರಾದರೂ ಕೇಳಿದರೆ ಸರ್ಕಾರದ ಉತ್ತರ ಸಿದ್ಧವಾಗಿದೆ, ವೈದ್ಯಕೀಯ ಸೌಲಭ್ಯ ಒದಗಿಸಲಾಗಿತ್ತು ಎಂದು. ಸರ್ಕಾರಿ ಕಚೇರಿಯ ಕಂಬಿಯ ಎದುರು ಅರ್ಜಿ ಹಿಡಿದು ನಿಂತ ಯಾರಿಗಾದರೂ ಈ ಉತ್ತರ ಗೊತ್ತು.

ಆ ಮೇಲ್ವಿಚಾರಕ ಯಾರು? ಅಜೀಜ. ಮಡಿವಾಳ ಅಜೀಜ, ಬ್ರಾಹ್ಮಣನ ವೇಷದಲ್ಲಿ. ಇಲ್ಲಿ ನಾಟಕದ ಮೊದಲ ದೃಶ್ಯಕ್ಕೆ ಹಿಂತಿರುಗಬೇಕು. ಆ ದೃಶ್ಯವನ್ನು ಈ ತಾಯಿಯ ದೃಶ್ಯದ ಪಕ್ಕದಲ್ಲಿಟ್ಟು ಓದದವನು ‘ತುಘಲಕ್’ ಓದಿಯೇ ಇಲ್ಲ ಎಂದು ಹೇಳುವಷ್ಟು ಗಟ್ಟಿಯಾಗಿದ್ದೇವೆ.

1327, ದಿಲ್ಲಿ. ಪ್ರಜೆ ಯಾರೇ ಆಗಲಿ, ಸುಲ್ತಾನನ ಮೇಲೂ ದಾವೆ ಹೂಡಬಹುದು ಎಂದು ಡಂಗುರ ಹೊಡೆಸಲಾಗಿದೆ. ಶಿಕ್ನಾರದ ವಿಷ್ಣುಪ್ರಸಾದನೆಂಬ ಬ್ರಾಹ್ಮಣ ತನ್ನ ಜಮೀನನ್ನು ಸರ್ಕಾರಿ ಅಧಿಕಾರಿಗಳು ಕಸಿದುಕೊಂಡರೆಂದು ಸುಲ್ತಾನನ ಮೇಲೆಯೇ ಫಿರ್ಯಾದು ಮಾಡಿದ್ದಾನೆ. ಖಾಜಿ ವಿಚಾರಣೆ ನಡೆಸಿ, ಫಿರ್ಯಾದಿಯ ಮಾತು ನಿಜ, ಸುಲ್ತಾನ ತಪ್ಪಿತಸ್ಥ ಎಂದು ತೀರ್ಪು ಕೊಡುತ್ತಾನೆ. ಸುಲ್ತಾನ ಹೊರಗೆ ಬಂದು ಜನರೆದುರು ತಪ್ಪೊಪ್ಪಿಕೊಳ್ಳುತ್ತಾನೆ. ಫಿರ್ಯಾದಿಗೆ ಐನೂರು ಬೆಳ್ಳಿ ದಿನಾರು, ಮೇಲೆ ಸರ್ಕಾರಿ ನೌಕರಿ. ಎಂಥ ದೊರೆ ಎಂದು ಜನ ಬೆರಗಾಗುತ್ತಾರೆ. ಜನ ಚದುರಿದ ಮೇಲೆ ತಿಳಿಯುತ್ತದೆ, ಆ ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ. ಡಂಗುರ ಕೇಳಿದ ಅಜೀಜ, ಕಳೆದುಹೋದ ಜಮೀನನ್ನು ನಿಜವಾದ ವಿಷ್ಣುಪ್ರಸಾದನಿಂದ ಹಿಂದಿನ ತಾರೀಖು ಹಾಕಿ ಬರೆಸಿಕೊಂಡು, ಅವನ ಹೆಸರಿನಲ್ಲಿ ಕಟಕಟೆ ಹತ್ತಿದ್ದಾನೆ. ಬ್ರಾಹ್ಮಣನ ವೇಷವೇ ಯಾಕೆ ಎಂಬುದಕ್ಕೆ ಗೆಳೆಯ ಆಜಮನಿಗೆ ಅವನು ಕೊಡುವ ವಿವರಣೆಯೇ ನಾಟಕದ ಬೀಗದ ಕೈ. ಮುಸಲ್ಮಾನ ದೊರೆಯ ಮೇಲೆ ಮುಸಲ್ಮಾನನೇ ದಾವೆ ಹಾಕಿದರೆ ನಿಷ್ಪಕ್ಷಪಾತ ಎಲ್ಲಿ ಕಾಣುತ್ತದೆ? ಹಿಂದೂ ಗೆದ್ದರೆ ದೊರೆಯ ನ್ಯಾಯ ಫಳಫಳ ಹೊಳೆಯುತ್ತದೆ.

ಆಳುವವನಿಗೆ ಒಬ್ಬ ಫಿರ್ಯಾದಿ ಬೇಕಾಗಿತ್ತು, ತನ್ನ ಕತೆಗೆ ಒಪ್ಪುವಂಥವನು. ಅಜೀಜ ಆ ಅಳತೆಗೆ ವೇಷ ಹೊಲಿಸಿಕೊಂಡು ಬಂದ. ಅವನಿಗೆ ಹಣ ಸಿಕ್ಕಿತು, ಹುದ್ದೆ ಸಿಕ್ಕಿತು. ಆ ಹುದ್ದೆಯಲ್ಲಿ ಕೂತೇ ಅವನು ಬಿಡಾರದಲ್ಲಿ ಆ ತಾಯಿಗೆ ಇಲ್ಲ ಎಂದದ್ದು. ಅವಳೂ ಹಿಂದೂ. ಅವಳಿಗೆ ವೇಷ ಬೇಕಿರಲಿಲ್ಲ. ಅವಳ ಕೋರಿಕೆಯಲ್ಲಿ ಸುಳ್ಳಿರಲಿಲ್ಲ, ಹಿಂದಿನ ತಾರೀಖಿನ ಪತ್ರವಿರಲಿಲ್ಲ. ಆದರೂ ಅವಳ ಅಹವಾಲು ಯಾವ ಖಾಜಿಯ ಕಿವಿಗೂ ಬೀಳಲಿಲ್ಲ. ಖೋಟಾ ಫಿರ್ಯಾದಿಗೆ ಸಿಕ್ಕ ನ್ಯಾಯದ ಬೆಲೆಯನ್ನು ನಿಜವಾದ ಫಿರ್ಯಾದಿ ತೆತ್ತಳು, ತನ್ನ ಕೂಸಿನಿಂದ. ಈ ಎರಡು ದೃಶ್ಯಗಳ ನಡುವೆ ಕಾರ್ನಾಡರು ಒಂದು ದಾರ ಎಳೆದಿದ್ದಾರೆ. ತಾಯಿಯನ್ನು ತೆಗೆದುಹಾಕಿದರೆ ದಾರದ ಒಂದು ತುದಿ ಗಾಳಿಯಲ್ಲಿ ತೂಗಾಡುತ್ತದೆ, ಮೊದಲ ದೃಶ್ಯ ಬರೀ ಹಾಸ್ಯ ಪ್ರಸಂಗವಾಗುತ್ತದೆ.

ಅಜೀಜನ ಮಾತಿಗೆ ನಮ್ಮ ಪ್ರೇಕ್ಷಕರು ನಕ್ಕಷ್ಟು ನಾಟಕದಲ್ಲಿ ಇನ್ನಾರ ಮಾತಿಗೂ ನಗುವುದಿಲ್ಲ. ನಗಬೇಕಾದ್ದೇ. ನಾಟಕಕಾರ ನಮ್ಮನ್ನು ಬೇಕೆಂದೇ ನಗಿಸುತ್ತಾನೆ, ಮೇಲಿನವರನ್ನು ಏಮಾರಿಸುವ ಬಡವನ ಪಕ್ಷಕ್ಕೆ ನಮ್ಮನ್ನು ಎಳೆದುಕೊಳ್ಳುತ್ತಾನೆ. ಎಳೆದುಕೊಂಡ ಮೇಲೆ ಆ ತಾಯಿಯನ್ನು ಕರೆತಂದು ಎದುರು ನಿಲ್ಲಿಸುತ್ತಾನೆ. ಆಗ ನಕ್ಕ ಬಾಯಿ ಮುಚ್ಚಿಕೊಳ್ಳಬೇಕು. ಆಜಮನಿಗೆ ಕೂಡ ಪಾಪ ಎನಿಸುತ್ತದೆ, ಬಿಟ್ಟುಬಿಡಬಾರದೇ ಎನ್ನುತ್ತಾನೆ. ಅಜೀಜ ಬಿಡುವುದಿಲ್ಲ. ಆ ಗಳಿಗೆಯಲ್ಲಿ ಅವನು ತುಳಿಸಿಕೊಂಡವನ ಸಾಲಿನಿಂದ ತುಳಿಯುವವನ ಸಾಲಿಗೆ ದಾಟುತ್ತಾನೆ, ಅದನ್ನು ನಮ್ಮ ಕಣ್ಣೆದುರೇ ದಾಟುತ್ತಾನೆ. ಅವನ ನಗೆಮಾತುಗಳನ್ನೆಲ್ಲ ಉಳಿಸಿಕೊಂಡು ಈ ಗಳಿಗೆಯನ್ನು ಮಾತ್ರ ಕತ್ತರಿಸಿದರೆ ಪ್ರೇಕ್ಷಕ ಕೊನೆಯವರೆಗೂ ನಗುತ್ತಲೇ ಹೋಗುತ್ತಾನೆ. ಅದು ಪ್ರೇಕ್ಷಕನಿಗೆ ಮಾಡಿದ ಮೋಸ.

ಅವಳು ಎರಡನೆಯ ಸಲ ಬರುವುದು ದೌಲತಾಬಾದಿನ ಕೋಟೆಯ ಹೊರಗಿನ ಬಯಲಿನಲ್ಲಿ. ಐದು ವರ್ಷ ಕಳೆದಿದೆ. ಬರ ಬಿದ್ದಿದೆ, ಜನ ಹಸಿದಿದ್ದಾರೆ. ನಿಂತುಹೋಗಿದ್ದ ಸಾರ್ವಜನಿಕ ಪ್ರಾರ್ಥನೆ ಮತ್ತೆ ಶುರುವಾಗುತ್ತದೆ, ಖಲೀಫರ ವಂಶಸ್ಥ ಘಿಯಾಸುದ್ದೀನ ಅಬ್ಬಾಸಿ ಆಶೀರ್ವದಿಸಲು ಬರುತ್ತಿದ್ದಾರೆ ಎಂದು ಸಾರಲಾಗಿದೆ. ಅನ್ನ ಕೇಳಿದವರಿಗೆ ಪ್ರಾರ್ಥನೆ. ಆ ಮಹಾತ್ಮ ಬರುತ್ತಾನೆ. ಸುಲ್ತಾನ ಅವನ ಕಾಲಿಗೆ ಬೀಳುತ್ತಾನೆ. ಇಡೀ ರಾಜ್ಯ ತಲೆಬಾಗಿ ನಿಂತಿದೆ. ದಾರಿಯಲ್ಲಿ ನಿಜವಾದ ಘಿಯಾಸುದ್ದೀನನನ್ನು ಕೊಂದು ಅವನ ವೇಷ ಹಾಕಿಕೊಂಡು ಬಂದವನು ಅಜೀಜ ಎಂಬುದು ಅಲ್ಲಿ ನೆರೆದ ಯಾರಿಗೂ ಗೊತ್ತಿಲ್ಲ. ಪಂಡಿತರಿಗೆ ಗೊತ್ತಾಗಲಿಲ್ಲ. ದರ್ಶನಶಾಸ್ತ್ರ, ಗಣಿತ, ಚದುರಂಗ ಎಲ್ಲ ಬಲ್ಲ ಸುಲ್ತಾನನಿಗೆ ಗೊತ್ತಾಗಲಿಲ್ಲ.

ಅವಳಿಗೆ ಗೊತ್ತಾಯಿತು. ಗುಂಪಿನ ನಡುವಿನಿಂದ ಕೂಗುತ್ತಾಳೆ, ಅವನೇ, ಅದೇ ಕಣ್ಣು, ನನ್ನ ಕೂಸನ್ನು ಕೊಂದವನು.

ಕಾಲು ಹಿಡಿದವಳು ಮುಖ ಎತ್ತಿ ನೋಡಿದ್ದು ಆ ಕಣ್ಣುಗಳನ್ನೇ. ವೇಷ ಎಷ್ಟು ಬದಲಾದರೂ ಆ ಕಣ್ಣು ಅವಳಿಗೆ ಮರೆಯುವಂಥದ್ದಲ್ಲ. ಇಡೀ ನಾಟಕದಲ್ಲಿ ಅಜೀಜನನ್ನು ಅವನ ಬಾಯಿಂದ ಕೇಳದೆ, ಯಾರ ಚಾಡಿಯೂ ಇಲ್ಲದೆ ಗುರುತು ಹಿಡಿದವಳು ಇವಳೊಬ್ಬಳೇ. ಇಂಥದ್ದನ್ನು ನ್ಯಾಯಾಲಯದ ಭಾಷೆಯಲ್ಲಿ ಪ್ರತ್ಯಕ್ಷ ಸಾಕ್ಷಿ ಎನ್ನುತ್ತಾರೆ. ಆ ಸಾಕ್ಷಿಗೆ ಏನಾಯಿತು? ಯಾರು, ಏನು, ಯಾರನ್ನು ಕೊಂದರು ಎಂದು ಗುಂಪಿನಲ್ಲಿ ಗದ್ದಲ ಏಳುತ್ತದೆ. ಹಸಿದ ಜನಕ್ಕೆ ಕಿಡಿ ಬೇಕಿತ್ತು, ಸಿಕ್ಕಿತು. ದೊಂಬಿ ಶುರುವಾಗುತ್ತದೆ. ಅವಳು ಹೇಳಿದ ಮಾತು ದೊಂಬಿಯ ಸದ್ದಿನಲ್ಲಿ ಮುಳುಗಿಹೋಗುತ್ತದೆ. ದೊಂಬಿಗೆ ಕಾರಣ ಏನು ಎಂದು ವರದಿ ಬರೆಯುವ ಅಧಿಕಾರಿ ಅವಳ ಮಾತನ್ನು ಬರೆದುಕೊಳ್ಳುವುದಿಲ್ಲ, ಹಸಿವು ಎಂದೋ ಕಿಡಿಗೇಡಿಗಳು ಎಂದೋ ಬರೆಯುತ್ತಾನೆ. ಅವಳ ದೂರು ಹಾಗೇ ಉಳಿಯುತ್ತದೆ.

ಕೊನೆಯಲ್ಲಿ ಸುಲ್ತಾನನಿಗೆ ಎಲ್ಲ ತಿಳಿಯುತ್ತದೆ. ಅಜೀಜ ಅವನೆದುರು ನಿಂತು, ನಿಮ್ಮ ಒಂದೊಂದು ಫರ್ಮಾನನ್ನೂ ನನ್ನಷ್ಟು ಶ್ರದ್ಧೆಯಿಂದ ಓದಿದ ಶಿಷ್ಯ ಇನ್ನೊಬ್ಬನಿಲ್ಲ ಎಂದು ವಾದಿಸುತ್ತಾನೆ. ಸುಲ್ತಾನ ಅವನನ್ನು ಗಲ್ಲಿಗೆ ಹಾಕುವುದಿಲ್ಲ. ದಖ್ಖನಿನಲ್ಲಿ ಅಧಿಕಾರಿಯಾಗಿ ಕಳಿಸುತ್ತಾನೆ. ಇದೇ ಸುಲ್ತಾನ ತನ್ನ ಮಲತಾಯಿಯನ್ನು ಕಲ್ಲು ಹೊಡೆಸಿ ಕೊಲ್ಲಿಸಿದವನು. ಇದೇ ಸುಲ್ತಾನ ತಾಮ್ರದ ನಾಣ್ಯದ ಹುಚ್ಚು ವಿಫಲವಾದಾಗ, ಕೊಟ್ಟ ಮಾತಿಗೆ ಕಟ್ಟುಬಿದ್ದು ಖೋಟಾ ನಾಣ್ಯಕ್ಕೂ ಖಜಾನೆಯಿಂದ ಬೆಲೆ ಕೊಟ್ಟವನು. ಮನೆಮನೆಯಲ್ಲಿ ಟಂಕಿಸಿದ ಸುಳ್ಳು ನಾಣ್ಯಗಳು ಗಾಡಿಗಟ್ಟಲೆ ಬಂದು ಬಿದ್ದವು, ಅವುಗಳನ್ನು ಎಣಿಸಿಕೊಂಡರು. ಆ ತಾಯಿಗೆ ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲೂ ಒಂದು ಸಾಲಿಲ್ಲ. ಸುಲ್ತಾನ ಮತ್ತು ಅಜೀಜ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುವ ಆ ಕೋಣೆಗೆ ಅವಳನ್ನು ಯಾರೂ ಕರೆಸುವುದಿಲ್ಲ. ಅವಳು ಇಲ್ಲದ ಕಡೆ ನಡೆದ ರಾಜಿ ಅದು. ಅವಳಿಲ್ಲ ಎಂಬುದು ಪ್ರೇಕ್ಷಕನಿಗೆ ಚುಚ್ಚಬೇಕಾದರೆ ಅವಳು ಮೊದಲು ರಂಗದ ಮೇಲೆ ಬಂದು ಹೋಗಿರಬೇಕು. ಇಲ್ಲದಿದ್ದರೆ ಆ ರಾಜಿ ಇಬ್ಬರು ಬುದ್ಧಿವಂತರ ಸೊಗಸಾದ ಸಂಭಾಷಣೆಯಾಗಿ ಕಾಣುತ್ತದೆ. ನಮ್ಮ ಎಷ್ಟೋ ಪ್ರಯೋಗಗಳಲ್ಲಿ ಹಾಗೆಯೇ ಕಂಡಿದೆ, ಚಪ್ಪಾಳೆಯೂ ಬಿದ್ದಿದೆ.

ರಾಜಕೀಯ ರೂಪಕಗಳಲ್ಲಿ ಇಂಥ ಸಣ್ಣ ಪಾತ್ರಗಳ ಕೆಲಸ ಏನೆಂಬುದನ್ನು ತಿಳಿಯಲು ಬೇರೆ ಕಡೆಯೂ ನೋಡಬಹುದು. ಜಾರ್ಜ್ ಆರ್ವೆಲ್ 1945ರಲ್ಲಿ ಪ್ರಕಟಿಸಿದ ‘ಅನಿಮಲ್ ಫಾರ್ಮ್’ನಲ್ಲಿ ಕ್ಲೋವರ್ ಎಂಬ ಹೆಣ್ಣು ಕುದುರೆ ಇದೆ. ಗೋಡೆಯ ಮೇಲೆ ಬರೆದ ನಿಯಮ ಮೊದಲಿನ ಹಾಗಿಲ್ಲ ಎಂದು ಅದಕ್ಕೆ ಅನುಮಾನ. ಓದಲು ಬಾರದು, ಮೇಕೆಯ ಕೈಲಿ ಓದಿಸುತ್ತದೆ. ತನಗನ್ನಿಸಿದ್ದನ್ನು ಹೇಳಲು ಮಾತು ಸಿಗದೆ ಸುಮ್ಮನಾಗುತ್ತದೆ. ಕಾರ್ನಾಡರ ತಾಯಿ ಸುಮ್ಮನಾಗಲಿಲ್ಲ. ಅವಳಿಗೆ ಮಾತು ಸಿಕ್ಕಿತು, ಕೇಳುವ ಕಿವಿ ಸಿಗಲಿಲ್ಲ. ಎರಡೂ ಕಡೆ ಆಳುವವನ ಸುಳ್ಳನ್ನು ಮೊದಲು ಕಂಡವರು ಗ್ರಂಥ ಓದದವರು.

ಕನ್ನಡಿಗರಿಗೆ, ಅದರಲ್ಲೂ ಶಿವಮೊಗ್ಗದವರಿಗೆ, ಇದನ್ನು ಹೊರಗಿನಿಂದ ಕಲಿಯಬೇಕಾದ ಅಗತ್ಯವೇ ಇಲ್ಲ. ಕುಪ್ಪಳಿಯ ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ಬರೆದಾಗ ರಾಮಾಯಣದ ಒಂದು ಮೂಲೆಯಲ್ಲಿ ತಲೆ ಕತ್ತರಿಸಿಕೊಂಡು ಬಿದ್ದಿದ್ದ ಶಂಬೂಕನನ್ನು ಎತ್ತಿ ತಂದು ನಡುವೆ ಕೂರಿಸಿದರು. ರಾಮ ಬಿಟ್ಟ ಬ್ರಹ್ಮಾಸ್ತ್ರ ತಪಸ್ವಿಗೆ ನಮಿಸಿ, ದೂರು ತಂದ ಬ್ರಾಹ್ಮಣನ ಬೆನ್ನುಹತ್ತಿತು. ಹಳೆಯ ಕತೆಯನ್ನು ಹೀಗೆ ತಿರುಗಿಸಬಹುದೇ ಎಂದು ಮಾಸ್ತಿಯವರು ಆಕ್ಷೇಪವೆತ್ತಿದರು, ಕುವೆಂಪು ಉತ್ತರಿಸಿದರು. ಮೂಲೆಯ ಪಾತ್ರವೊಂದು ಇಡೀ ಕತೆಯ ಧರ್ಮವನ್ನು ಅಳೆಯಬಲ್ಲದು ಎಂಬುದು ಆ ವಾಗ್ವಾದದಲ್ಲೇ ಇತ್ಯರ್ಥವಾದ ಪ್ರಶ್ನೆ. ಅದಾಗಿ ಎಂಬತ್ತು ವರ್ಷವಾಗಿದೆ. ಅದೇ ಜಿಲ್ಲೆಯ ಒಂದು ತಾಲೀಮಿನಲ್ಲಿ ಇವತ್ತು ಮೂಲೆಯ ಪಾತ್ರವನ್ನು ತೆಗೆದರೆ ಏನೂ ಆಗಲ್ಲ ಎಂಬ ಮಾತು ಕೇಳಬೇಕಾಗಿ ಬಂದದ್ದು ನಮಗೆ ನೋವು ತಂದಿದೆ.

ಚರಿತ್ರೆಯಲ್ಲೂ ಹಾಗೆಯೇ. 1330ರ ದಶಕದಲ್ಲಿ ದಿಲ್ಲಿಗೆ ಬಂದ ಇಬ್ನ್ ಬತೂತಾ, ರಾಜಧಾನಿ ಬದಲಾದಾಗಿನ ಒಂದು ಪ್ರಸಂಗವನ್ನು ಕೇಳಿ ಬರೆದಿಟ್ಟಿದ್ದಾನೆ. ಊರು ಬಿಡದೆ ಉಳಿದಿದ್ದವರು ಇಬ್ಬರು, ಒಬ್ಬ ಹೆಳವ, ಒಬ್ಬ ಕುರುಡ. ಹೆಳವನನ್ನು ಕಲ್ಲೆಸೆಯುವ ಯಂತ್ರಕ್ಕೆ ಕಟ್ಟಿ ಎಸೆದರು. ಕುರುಡನನ್ನು ದೌಲತಾಬಾದಿನವರೆಗೂ ಎಳೆದುಕೊಂಡು ಹೋದರು, ದಾರಿಯಲ್ಲಿ ಮೈ ಕಳಚಿ ಬಿದ್ದು ತಲುಪಿದ್ದು ಒಂದು ಕಾಲು. ಇದು ಉತ್ಪ್ರೇಕ್ಷೆ ಎನ್ನುವ ಇತಿಹಾಸಕಾರರಿದ್ದಾರೆ. ಇರಬಹುದು. ಆದರೂ ಜನ ಆ ಸುಲ್ತಾನನ ಇಡೀ ಯೋಜನೆಯನ್ನು ನೆನಪಿಟ್ಟುಕೊಂಡದ್ದು ಆ ಒಂದು ಕಾಲಿನ ಮೂಲಕ. ಅವನು ದಾರಿಬದಿಯಲ್ಲಿ ನೆಡಿಸಿದ ಮರಗಳನ್ನೂ ಕಟ್ಟಿಸಿದ ಛತ್ರಗಳನ್ನೂ ನೆನಪಿಟ್ಟವರು ಕಡಿಮೆ.

ಇದೆಲ್ಲ ದಿಲ್ಲಿಯ ಮಾತು, ನಮಗೇನು ಎನ್ನುವವರು ಒಮ್ಮೆ ನವುಲೆಯಿಂದ ಪಡುವಣದ ಕಡೆ ಮುಖ ಮಾಡಬೇಕು. ‘ತುಘಲಕ್’ ಅಚ್ಚಾದ 1964ರಲ್ಲೇ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಮುಗಿಯಿತು. ಕಾರ್ನಾಡರು ಶರಾವತಿಯನ್ನು ಮನಸ್ಸಿನಲ್ಲಿಟ್ಟು ಬರೆದರು ಎಂದು ನಾವು ಹೇಳುವುದಿಲ್ಲ. ಆದರೆ ರೂಪಕವೆಂಬುದು ಬರೆದವನ ಸ್ವತ್ತಾಗಿ ಉಳಿಯುವಂಥದ್ದಲ್ಲ, ನೊಂದವರು ಅದರಲ್ಲಿ ತಮ್ಮನ್ನು ಕಂಡುಕೊಳ್ಳುತ್ತಾರೆ. ನಾಡಿಗೆ ಕರೆಂಟು ಬೇಕಿತ್ತು, ಅದು ಸುಳ್ಳಲ್ಲ. ಊರುಗಳನ್ನು ಎಬ್ಬಿಸಿದರು. ಲಾರಿಗೆ ತುಂಬಿಕೊಂಡು ಬಂದು ಕಾಡಿನಲ್ಲಿ ಇಳಿಸಿ ಹೋದರು ಎಂದು ಮುಳುಗಡೆಯವರು ಇವತ್ತಿಗೂ ಹೇಳುತ್ತಾರೆ. ಕಾಡು ಕಡಿದು ಗದ್ದೆ ಮಾಡಿಕೊಂಡ ಆ ಜಮೀನು ಅರಣ್ಯದ್ದೋ ಕಂದಾಯದ್ದೋ ಎಂಬ ತಕರಾರು ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಪ್ರತಿ ಮಳೆಗಾಲದಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ 1819 ಅಡಿಗೆ ಎಷ್ಟು ಬಾಕಿ ಎಂಬುದನ್ನು ನಾವು ಪತ್ರಿಕೆಯವರು ದಿನವೂ ಬಿಡದೆ ಅಚ್ಚು ಹಾಕುತ್ತೇವೆ. ಹಕ್ಕುಪತ್ರಕ್ಕೆ ಎಷ್ಟು ಮನೆ ಬಾಕಿ ಎಂಬುದನ್ನು ಹಾಗೆ ದಿನವೂ ಹಾಕಿದ್ದೇವೆಯೇ? ಇಲ್ಲ. ಈ ಪತ್ರಿಕೆಯೂ ಹಾಕಿಲ್ಲ.

ಹಿನ್ನೀರಿನ ಆಚೆ ಉಳಿದವರ ಪಾಡು ಇನ್ನೊಂದು. ತುಮರಿ ಕಡೆಯವರಿಗೆ ಸಾಗರ ಪೇಟೆಯೇ ತಾಲ್ಲೂಕು, ಅಲ್ಲಿಯೇ ದೊಡ್ಡ ಆಸ್ಪತ್ರೆ. ನಡುವೆ ನೀರು. ಸೇತುವೆ ಬರುವವರೆಗೆ ದಾಟಲು ಇದ್ದದ್ದು ಲಾಂಚ್. ಸಂಜೆಯ ಕೊನೆಯ ಲಾಂಚ್ ಹೋದರೆ ಮುಗಿಯಿತು, ಬೆಳಗಾಗಬೇಕಿತ್ತು, ಇಲ್ಲವೇ ರಸ್ತೆಯಲ್ಲಿ ಕಾಡು ಬಳಸಿ ದೂರ ಸುತ್ತಬೇಕಿತ್ತು. ಜ್ವರ ಬಂದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕಳಸವಳ್ಳಿಯ ದಡದಲ್ಲಿ ಎಷ್ಟು ತಾಯಂದಿರು ನಿಂತಿದ್ದರೋ, ಆ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಣೆಕಟ್ಟು ಎದ್ದು ಅರುವತ್ತೊಂದು ವರ್ಷದ ಮೇಲೆ. ಸೇತುವೆ ಬಂದದ್ದು ಸಂತೋಷ, ಮನಸಾರೆ ಸಂತೋಷ. ಅಂದಿನ ಮೆರವಣಿಗೆ, ಭಾಷಣ, ಯಾರು ಬಂದರು ಯಾರು ಬರಲಿಲ್ಲ ಎಂಬ ರಾಜಕೀಯ, ಎಲ್ಲ ಅಚ್ಚಾಯಿತು. ಅರುವತ್ತೊಂದು ವರ್ಷ ದಡದಲ್ಲಿ ನಿಂತವಳ ಮುಖ ಅಚ್ಚಾಗಲಿಲ್ಲ. ‘ತುಘಲಕ್’ ನಾಟಕದಲ್ಲಿ ಆ ಹೆಂಗಸಿನ ಪಾತ್ರ ಏನು ಎಂದು ತುಮರಿಯ ಯಾವ ಅಜ್ಜಿಯನ್ನು ಕೇಳಿದರೂ ವಿಮರ್ಶಕರಿಗಿಂತ ಸರಿಯಾಗಿ ಹೇಳುತ್ತಾಳೆ.

ನಿರ್ದೇಶಕರ ಪರವಾಗಿ ಹೇಳಬಹುದಾದ ಮಾತುಗಳನ್ನು ನಾವು ಕಡೆಗಣಿಸುವುದಿಲ್ಲ. ಕಾಲಮಿತಿ ಅವರು ಮಾಡಿದ್ದಲ್ಲ. ಹದಿಮೂರು ದೃಶ್ಯಗಳ ನಾಟಕವನ್ನು ತೊಂಬತ್ತು ನಿಮಿಷಕ್ಕೆ ಇಳಿಸುವುದು ಸುಲಭವಲ್ಲ. ಹವ್ಯಾಸಿಗಳಿಗೆ ದುಡ್ಡಿಲ್ಲ, ತಾಲೀಮಿಗೆ ಜಾಗವಿಲ್ಲ, ಕೆಲಸ ಮುಗಿಸಿ ಸಂಜೆ ಓಡಿ ಬರುವ ನಟರು. ಇವೆಲ್ಲದರ ನಡುವೆ ನಾಟಕ ಕಟ್ಟುವವರ ಬಗ್ಗೆ ನಮಗೆ ಗೌರವವಿದೆ. ಕತ್ತರಿ ಹಾಕಲೇಬೇಡಿ ಎಂದೂ ನಾವು ಹೇಳುತ್ತಿಲ್ಲ. ಎಲ್ಲಿ ಹಾಕುತ್ತೀರಿ ಎಂಬುದರಲ್ಲಿ ನಿಮ್ಮ ರಾಜಕೀಯ ಇದೆ ಎನ್ನುತ್ತಿದ್ದೇವೆ. ಸುಲ್ತಾನನ ಒಂದು ಸ್ವಗತವನ್ನು ಅರ್ಧ ಮಾಡಿದರೂ ಸುಲ್ತಾನ ಅರ್ಧವಾಗುವುದಿಲ್ಲ, ಅವನಿಗೆ ಮಾತಾಡಲು ಬೇಕಾದಷ್ಟು ಜಾಗವಿದೆ. ಅವಳಿಗಿರುವುದು ಎರಡೇ ಗಳಿಗೆ. ಎರಡೂ ಸೇರಿ ಐದು ನಿಮಿಷ ದಾಟುವುದಿಲ್ಲ. ಐದು ನಿಮಿಷ ಉಳಿಸಲು ನಾಟಕದ ಏಕೈಕ ಸಾಕ್ಷಿಯನ್ನು ಕಟಕಟೆಯಿಂದ ಇಳಿಸಿದ್ದು ಅಕ್ಷಮ್ಯ.

ಅವಳ ದೃಶ್ಯ ಅಳುಬುರುಕು, ಈ ಕಾಲಕ್ಕೆ ಹೊಂದದು ಎಂಬ ಮಾತೂ ಆ ಸಂಜೆ ಕೇಳಿಬಂತು. ಅಳುಬುರುಕು ಮಾಡುವುದು ನಟಿಸುವವರ ತಪ್ಪು. ಬರೆದವರು ಅವಳಿಗೆ ಉದ್ದದ ಮಾತು ಕೊಟ್ಟಿಲ್ಲ, ಶಾಪ ಹಾಕಿಸಿಲ್ಲ, ಹಾಡಿಸಿಲ್ಲ. ಒಂದು ಬೇಡಿಕೆ, ಒಂದು ಗುರುತು. ಬೇಡಿಕೆ ತಿರಸ್ಕೃತವಾಯಿತು, ಗುರುತು ಗದ್ದಲದಲ್ಲಿ ಕಳೆದುಹೋಯಿತು. ಇಷ್ಟು ಮಿತವಾಗಿ ಬರೆದ ಪಾತ್ರ ಆ ನಾಟಕದಲ್ಲಿ ಇನ್ನೊಂದಿಲ್ಲ.

ಪಾಠ ಹೇಳುವವರಿಗೂ ನಮ್ಮ ಮಾತಿದೆ. ತುಘಲಕನ ಒಂಟಿತನ, ತುಘಲಕನ ನಿದ್ದೆಗೆಟ್ಟ ರಾತ್ರಿ, ಕೋಟೆಯ ಮೇಲಿನ ಗಾಳಿ, ಇವನ್ನು ಕಲಿಸಿ ಕಲಿಸಿ ತಲೆಮಾರುಗಳ ಮಕ್ಕಳಿಗೆ ಆಳುವವನ ಮೇಲೆ ಅನುಕಂಪ ಪಡುವುದನ್ನು ಅಭ್ಯಾಸ ಮಾಡಿಸಿದ್ದೇವೆ. ಆಳುವವನಿಗೂ ಸಂಕಟವಿರುತ್ತದೆ ಎಂಬುದು ನಿಜ. ಆದರೆ ಅವನ ಸಂಕಟಕ್ಕೆ ಇಡೀ ನಾಟಕವಿದೆ, ಅವಳ ಸಂಕಟಕ್ಕೆ ಒಂದು ಕಿವಿಯೂ ಸಿಗಲಿಲ್ಲ. ನಾಲ್ಕು ಅಂಕದ ಪ್ರಶ್ನೆಯಾಗಿಯಾದರೂ ಸರಿ, ಹೆಸರಿಲ್ಲದ ಆ ಹೆಂಗಸಿನ ಬಗ್ಗೆ ಒಂದು ಪ್ರಶ್ನೆ ಕೇಳಿ. ಉತ್ತರ ಬರೆಯಲು ಕೂತ ಹುಡುಗ ಮೊದಲ ದೃಶ್ಯದ ಖಾಜಿಯನ್ನೂ ಏಳನೆಯ ದೃಶ್ಯದ ಬಿಡಾರವನ್ನೂ ಒಟ್ಟಿಗೆ ನೋಡಲೇಬೇಕಾಗುತ್ತದೆ.

ನವುಲೆಯ ಆ ತಂಡಕ್ಕೆ ಪ್ರದರ್ಶನಕ್ಕೆ ಇನ್ನೂ ಹದಿನೆಂಟು ದಿನವಿದೆ. ಎರಡು ದೃಶ್ಯಗಳನ್ನೂ ವಾಪಸು ಹಾಕಬೇಕು. ಬಯಲಿನ ದೃಶ್ಯದಲ್ಲಿ ಅವಳು ಗುಂಪಿನ ಮುಂದಿರಬಾರದು, ಹಿಂದಿನಿಂದ ಕೂಗಬೇಕು. ಆ ಕೂಗು ಕೇಳಿಸಿದ ಮೇಲೆ, ದೊಂಬಿಯ ಸದ್ದು ಏಳುವ ಮುಂಚೆ, ಒಂದು ಉಸಿರಿನಷ್ಟು ಹೊತ್ತು ರಂಗದ ಮೇಲೆ ಯಾರೂ ಅಲುಗಾಡಬಾರದು. ಹುಡುಗಿಗೆ ಮಾತು ಬಾಯಿಗೆ ಬಂದಿದೆ. ಟವೆಲ್ ಅವಳ ಬ್ಯಾಗಿನಲ್ಲೇ ಇದೆ.